ಮಗಳ ನೀರಿನ ಬಾಟಲಿ ತುಂಬಿಕೊಂಡೇ ವಾಪಸ್ ಬರುತ್ತಿದೆ. ಶಾಲೆಯಲ್ಲಿ ಏನು ಕೇಳಬೇಕು?

ಎರಡನೇ ಕ್ಲಾಸಿನ ಅಮ್ಮ · ಜುಲೈ 4, ರಾತ್ರಿ 9.50

ಎಲ್ಲರಿಗೂ ನಮಸ್ಕಾರ. ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಹಳ್ಳಿ. ಮಗಳು ಊರಿನ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡನೇ ಕ್ಲಾಸು. ಒಟ್ಟು 41 ಮಕ್ಕಳು, ಇಬ್ಬರು ಮೇಷ್ಟ್ರು. ಈ ವರ್ಷ ನನ್ನನ್ನೂ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಸಮಿತಿಗೆ, ಸೇರಿಸಿದ್ದಾರೆ. ಅಲ್ಲಿ ಏನು ಮಾತಾಡಬೇಕು ಅಂತ ಇನ್ನೂ ಗೊತ್ತಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಶುರುವಾದಾಗಿನಿಂದ ಒಂದು ವಿಷಯ ಕಣ್ಣಿಗೆ ಬೀಳುತ್ತಿತ್ತು. ಸಂಜೆ ಬ್ಯಾಗು ತೆಗೆದರೆ ನೀರಿನ ಬಾಟಲಿ ಬೆಳಿಗ್ಗೆ ಎಷ್ಟು ತುಂಬಿದ್ದೆನೋ ಅಷ್ಟೇ ಇರುತ್ತಿತ್ತು. ಅರ್ಧ ಲೀಟರಿನ ನೀಲಿ ಬಾಟಲಿ, ಕತ್ತಿನವರೆಗೂ ನೀರು. ಆಟದ ಗುಂಗಿನಲ್ಲಿ ಕುಡಿದಿಲ್ಲ ಅಂದುಕೊಂಡು ಆ ನೀರನ್ನು ತುಳಸಿಗೆ ಸುರಿಯುತ್ತಿದ್ದೆ. ಹೋದ ವಾರ ಜ್ವರ ಬಂತು. ಒಂದಕ್ಕೆ ಹೋಗುವಾಗ ಉರಿ ಅಂತ ಅಳೋಕೆ ಶುರು ಮಾಡಿದಳು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮೂತ್ರ ಪರೀಕ್ಷೆಯಲ್ಲಿ ಸೋಂಕು ಅಂತ ಬಂತು. ಡಾಕ್ಟರಮ್ಮ ನನ್ನನ್ನು ಏನೂ ಕೇಳಲಿಲ್ಲ, ಅವಳನ್ನೇ ಕೇಳಿದರು: "ಸ್ಕೂಲಲ್ಲಿ ಎಷ್ಟು ಸಲ ಒಂದಕ್ಕೆ ಹೋಗ್ತೀಯಾ ಪುಟ್ಟಿ?" ಅವಳು ನನ್ನ ಮುಖ ನೋಡಿದಳು. ಆಮೇಲೆ ಮೆಲ್ಲಗೆ, "ಹೋಗಲ್ಲ" ಅಂದಳು.

ಮನೆಗೆ ಬಂದು ತಲೆ ಬಾಚುತ್ತಾ ಕೇಳಿದೆ. ಶೌಚಾಲಯಕ್ಕೆ ಬೀಗ ಹಾಕಿರುತ್ತದಂತೆ. ಬೀಗದ ಕೈ ಆಫೀಸ್ ರೂಮಿನ ಮೇಜಿನ ಖಾನೆಯಲ್ಲಿ. ಸರ್ ಹತ್ತಿರ ಹೋಗಿ ಕೇಳಬೇಕು, ಕೇಳಿದರೆ ಗಂಡು ಹುಡುಗರು ನಗುತ್ತಾರೆ. ಅದಕ್ಕೆ ಇವಳು ತಾನೇ ಒಂದು ದಾರಿ ಹುಡುಕಿಕೊಂಡಿದ್ದಾಳೆ. ನೀರು ಕುಡಿದರೆ ತಾನೇ ಹೋಗಬೇಕು? ಕುಡಿಯೋದೇ ಬೇಡ. ಏಳು ವರ್ಷದ ಮಗು ಇದು. ಕೇಳಿ ಹೊಟ್ಟೆ ಉರಿದುಹೋಯಿತು.

ಹೆಡ್‌ಮಾಸ್ಟರ್ ಕೆಟ್ಟವರಲ್ಲ. ರಾತ್ರಿ ಹೊತ್ತು ಯಾರೋ ಒಳಗೆ ಬಂದು ನಲ್ಲಿ ಮುರಿದು ಹಾಕುತ್ತಾರೆ, ಅದಕ್ಕೆ ಬೀಗ ಅಂತಾರೆ. ಅದೂ ನಿಜ. ಬರುವ ಶನಿವಾರ ಮೀಟಿಂಗ್ ಇದೆ. ಜಗಳ ಆಗದ ಹಾಗೆ ಹೇಗೆ ಕೇಳಲಿ? ಇದರ ಜೊತೆ ಇನ್ನೇನೇನು ನೋಡಬೇಕು? ನಿಮ್ಮ ನಿಮ್ಮ ಶಾಲೆಗಳಲ್ಲಿ ಏನು ಮಾಡಿದ್ದೀರಿ, ದಯವಿಟ್ಟು ಹೇಳಿ.

ಹಳ್ಳಿ ಮೇಷ್ಟ್ರು · ಜುಲೈ 4, ರಾತ್ರಿ 10.35

ಅಮ್ಮಾ, ನಾನು ಕೊಪ್ಪಳ ಜಿಲ್ಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪ್ರಾಥಮಿಕ ಶಾಲೆ ಮೇಷ್ಟ್ರು. ನಿಮ್ಮ ಮಗಳ ಮಾತು ಓದಿ ನಿದ್ದೆ ಹಾರಿಹೋಯಿತು. ನಮ್ಮ ಶಾಲೆಯಲ್ಲೂ ನಾಲ್ಕು ವರ್ಷ ಹೀಗೇ ಬೀಗ ಇತ್ತು. ಬೀಗದ ಕೈ ನನ್ನ ಜೇಬಿನಲ್ಲೇ ಇರುತ್ತಿತ್ತು. ಎಷ್ಟು ಹೆಣ್ಣುಮಕ್ಕಳು ನನ್ನನ್ನು ಕೇಳಲಾರದೆ ತಡೆದುಕೊಂಡು ಕೂತಿದ್ದರೋ, ಇವತ್ತು ಯೋಚನೆ ಮಾಡುತ್ತಿದ್ದೇನೆ.

ನಾವು ಕೊನೆಗೆ ಮಾಡಿದ್ದು ಇಷ್ಟೇ. ಬೆಳಿಗ್ಗೆ ಅಡುಗೆಗೆ ಬರುವ ಅಕ್ಕನವರು ಮೊದಲು ಶೌಚಾಲಯದ ಬೀಗ ತೆಗೆದು, ಆಮೇಲೆ ಅಡುಗೆಮನೆ ಬೀಗ ತೆಗೆಯುತ್ತಾರೆ. ಸಂಜೆ ಶಾಲೆ ಬಿಟ್ಟ ಮೇಲೆ ನಾನು ಹಾಕುತ್ತೇನೆ. ಶಾಲೆ ನಡೆಯುವ ಹೊತ್ತಿನಲ್ಲಿ ಬೀಗವೇ ಇಲ್ಲ. ರಾತ್ರಿ ಬರುವವರ ಕಾಟಕ್ಕೆ ಹಗಲು ಮಕ್ಕಳಿಗೆ ಶಿಕ್ಷೆ ಯಾಕೆ?

ಎರಡನೆಯದು ನೀರಿನ ಗಂಟೆ. 2019ರಲ್ಲಿ ಕೇರಳದ ಶಾಲೆಗಳಲ್ಲಿ ಇದು ಸುದ್ದಿಯಾಯಿತು, ಆಮೇಲೆ ನಮ್ಮ ರಾಜ್ಯದಲ್ಲೂ ಮಾತಾಯಿತು. ಪಾಠದ ನಡುವೆ ಗಂಟೆ ಹೊಡೆದಾಗ ಎಲ್ಲರೂ ಬಾಟಲಿ ತೆಗೆದು ಕುಡಿಯಬೇಕು, ಮೇಷ್ಟ್ರೂ ಕುಡಿಯಬೇಕು. ನಾವು ಇದಕ್ಕೆ ಒಂದು ಸೇರಿಸಿಕೊಂಡೆವು. ನೀರಿನ ಗಂಟೆ ಆಗಿ ಅರ್ಧ ಗಂಟೆಗೆ ಇಡೀ ಕ್ಲಾಸನ್ನು ಹೊರಗೆ ಬಿಡುತ್ತೇವೆ, ಹೆಣ್ಣುಮಕ್ಕಳು ಮೊದಲು. ಎಲ್ಲರೂ ಹೋಗುವಾಗ ಯಾರೂ ಯಾರನ್ನೂ ಕೇಳುವ ಹಾಗಿಲ್ಲ, ಯಾರೂ ನಗುವ ಹಾಗಿಲ್ಲ.

ಮೀಟಿಂಗಿನಲ್ಲಿ ಕೇಳುವ ರೀತಿ ಹೇಳುತ್ತೇನೆ. "ಯಾಕೆ ಬೀಗ ಹಾಕಿದ್ದೀರಿ" ಅನ್ನಬೇಡಿ. ಆ ನೀಲಿ ಬಾಟಲಿಯನ್ನು ಹಾಗೇ ತುಂಬಿದ್ದನ್ನು ತೆಗೆದುಕೊಂಡು ಹೋಗಿ ಮೇಜಿನ ಮೇಲೆ ಇಡಿ. ನಡೆದದ್ದು ಹೇಳಿ. ಬೇರೆ ತಾಯಂದಿರಿಗೂ ಅವತ್ತು ಸಂಜೆ ಬಾಟಲಿ ನೋಡಲು ಹೇಳಿ. ನೀವು ಭಯಪಡುವ ಅಗತ್ಯವೇ ಇಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಗಂಡು ಹೆಣ್ಣು ಮಕ್ಕಳಿಗೆ ಬೇರೆ ಬೇರೆ ಶೌಚಾಲಯ, ಕುಡಿಯುವ ನೀರು ಇರಬೇಕು ಅಂತಿದೆ. ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಹೆಂಗಸರು ಇರಬೇಕು ಅಂತಲೂ ಇದೆ. ನೀವು ಅಲ್ಲಿ ಕೂತಿರೋದೇ ಇದನ್ನು ಕೇಳೋದಕ್ಕೆ.

ಮತ್ತೆ ಒಂದು ಮಾತು. ಬೀಗ ತೆಗೆದ ಮೇಲೆ "ಹಾಗಾದರೆ ಮಕ್ಕಳೇ ತೊಳೆಯಲಿ" ಅಂತ ಯಾರಾದರೂ ಅಂದರೆ ಒಪ್ಪಬೇಡಿ. ಮಕ್ಕಳ ಕೈಲಿ ಶೌಚಾಲಯ ತೊಳೆಸುವಂತಿಲ್ಲ. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗೆ (ಪಿಡಿಒ) ಲಿಖಿತವಾಗಿ ಅರ್ಜಿ ಕೊಡಿ, ನೀರಿನ ಲೈನಿಗೂ ಶುಚಿ ಮಾಡುವವರಿಗೂ ಸೇರಿಸಿ.

ಪಿಎಚ್‌ಸಿ ಸಿಸ್ಟರ್ · ಜುಲೈ 5, ಬೆಳಿಗ್ಗೆ 7.10

ಅಕ್ಕ, ಮಗು ಈಗ ಹೇಗಿದೆ? ಡಾಕ್ಟರ್ ಕೊಟ್ಟ ಔಷಧಿಯನ್ನು ಅವರು ಹೇಳಿದಷ್ಟು ದಿನ ಪೂರ್ತಿ ಕೊಡಿ. ಎರಡು ದಿನಕ್ಕೆ ಉರಿ ಕಡಿಮೆ ಆಯಿತು ಅಂತ ನಿಲ್ಲಿಸುವವರೇ ಜಾಸ್ತಿ. ಹಾಗೆ ಮಾಡಿದರೆ ಸೋಂಕು ಮತ್ತೆ ಬರುತ್ತದೆ.

ಬೇರೆ ತಾಯಂದಿರಿಗೂ ಹೇಳುತ್ತೇನೆ. ಉರಿಮೂತ್ರ ಅಂದರೆ ಬರೀ ಸೆಕೆಗೆ ಆಗೋದು, ಎಳನೀರು ಕೊಟ್ಟರೆ ಸರಿಹೋಗುತ್ತದೆ ಅಂತ ಸುಮ್ನೆ ಇರಬೇಡಿ. ಜ್ವರ ಇದ್ದು, ಕೆಳಹೊಟ್ಟೆ ನೋವು ಅಂದರೆ, ಹಾಸಿಗೆ ಒದ್ದೆ ಮಾಡೋದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ಮೂತ್ರ ಪರೀಕ್ಷೆ ಮಾಡಿಸಿ. ಮೆಡಿಕಲ್ ಸ್ಟೋರಿನಲ್ಲಿ ಹೇಳಿ ಮಾತ್ರೆ ತರಬೇಡಿ. ತಡೆದುಕೊಳ್ಳುವ ಮಕ್ಕಳಿಗೆ ಮಲಬದ್ಧತೆಯೂ ಜೊತೆಗೇ ಬರುತ್ತದೆ, ಅದೂ ಸೋಂಕಿಗೆ ದಾರಿ. ಹೆಣ್ಣುಮಕ್ಕಳಿಗೆ ತೊಳೆದುಕೊಳ್ಳುವಾಗ ಮುಂದಿನಿಂದ ಹಿಂದಕ್ಕೆ ಅಂತ ಹೇಳಿಕೊಡಿ. ಇದನ್ನು ಅಮ್ಮನೇ ಹೇಳಬೇಕು, ಶಾಲೆಯಲ್ಲಿ ಯಾರೂ ಹೇಳಲ್ಲ.

ಇನ್ನು ಸೋಪು. ಬಹಳ ಶಾಲೆಗಳಲ್ಲಿ ಸೋಪು ಬೀರುವಿನಲ್ಲಿ ಇರುತ್ತದೆ, ನಲ್ಲಿ ಹತ್ತಿರ ಇರಲ್ಲ. ಕಾಗೆ ಎತ್ತಿಕೊಂಡು ಹೋಗುತ್ತದೆ ಅಂತಾರೆ. ನಮ್ಮ ಸಬ್‌ಸೆಂಟರ್ ಪಕ್ಕದ ಶಾಲೆಯಲ್ಲಿ ಹಳೇ ಕಾಲುಚೀಲದೊಳಗೆ ಸೋಪು ಹಾಕಿ ನಲ್ಲಿಗೆ ಕಟ್ಟಿದ್ದಾರೆ. ಒದ್ದೆ ಕೈಲಿ ಚೀಲ ಉಜ್ಜಿದರೆ ನೊರೆ ಬರುತ್ತದೆ. ತಿಂಗಳಾದರೂ ಸೋಪು ಕರಗಿಹೋಗಲ್ಲ, ಕಾಗೆಗೂ ಸಿಗಲ್ಲ.

ಮಧುಗಿರಿ ಕಡೆಯವನು · ಜುಲೈ 5, ಬೆಳಿಗ್ಗೆ 8.25

ನೀರು ಕುಡಿಸಿ ಅಂತ ಎಲ್ಲರೂ ಹೇಳುತ್ತಿದ್ದಾರೆ, ಯಾವ ನೀರು ಅಂತ ಯಾರೂ ಕೇಳಿಲ್ಲ. ನಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯೋಕೆ ಆಗಲ್ಲ. ನನ್ನ ಅಕ್ಕನ ಮಗ ನಕ್ಕರೆ ಮುಂದಿನ ಎರಡು ಹಲ್ಲಿನ ಮೇಲೆ ಅಡ್ಡಡ್ಡ ಕಂದು ಗೆರೆ ಕಾಣುತ್ತದೆ. ಈಗ ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಳ್ಳುತ್ತಾನೆ. ಕುದಿಸಿದರೆ ಫ್ಲೋರೈಡ್ ಹೋಗಲ್ಲ, ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ. ಜಲಜೀವನ್ ಯೋಜನೆಯಲ್ಲಿ ಊರಿಗೆ ಐದು ಹೆಂಗಸರಿಗೆ ನೀರು ಪರೀಕ್ಷೆಯ ಕಿಟ್ಟಿನ ತರಬೇತಿ ಕೊಡುವ ವ್ಯವಸ್ಥೆ ಇದೆ. ಪಂಚಾಯಿತಿಯಲ್ಲಿ ವಿಚಾರಿಸಿ, ಶಾಲೆ ನಲ್ಲಿ ನೀರನ್ನು ಒಮ್ಮೆ ಪರೀಕ್ಷೆ ಮಾಡಿಸಿ. ಊರಲ್ಲಿ ಶುದ್ಧ ನೀರಿನ ಘಟಕ ಇದ್ದರೆ ದಿನಕ್ಕೆ ಎರಡು ಕ್ಯಾನ್ ಶಾಲೆಗೆ ಕೊಡಿ ಅಂತ ಕೇಳೋದು ದೊಡ್ಡ ವಿಷಯವೇನಲ್ಲ.

ಬಿಸಿಯೂಟದ ಅಕ್ಕ · ಜುಲೈ 6, ಮಧ್ಯಾಹ್ನ 3.15

ನಾನು ಹಾವೇರಿ ಜಿಲ್ಲೆಯಲ್ಲಿ ಮುಖ್ಯ ಅಡುಗೆಯವಳು. ಮಗನ ಫೋನಿನಲ್ಲಿ ಬರೆಯುತ್ತಿದ್ದೇನೆ, ತಪ್ಪಿದ್ದರೆ ತಿದ್ದಿಕೊಳ್ಳಿ. ಅಡುಗೆ ಮನೆ ಬಗ್ಗೆ ಯಾರೂ ಹೇಳಿಲ್ಲ, ನಾನು ಹೇಳುತ್ತೇನೆ.

ಎಲ್ಲರೂ ಬಂದು ಊಟ ರುಚಿ ಇದೆಯಾ ಅಂತ ನೋಡುತ್ತಾರೆ. ನೀವು ಸಾಂಬಾರ್ ಪಾತ್ರೆ ಎಲ್ಲಿ ಇಟ್ಟಿದ್ದಾರೆ ಅಂತ ನೋಡಿ. ಅದೇ ಮೊದಲು. ಒಲೆಯಿಂದ ಇಳಿಸಿದ ಸಾಂಬಾರ್ ಅರ್ಧ ಗಂಟೆ ಕಳೆದರೂ ಮೇಲೆ ತಣ್ಣಗೆ ಕಾಣುತ್ತದೆ, ಒಳಗೆ ಸುಡುವಷ್ಟು ಬಿಸಿ ಇರುತ್ತದೆ. ನಾವು ಮೊದಲು ಜಗುಲಿಯಲ್ಲಿ ನೆಲದ ಮೇಲೆ ಇಟ್ಟು ಬಡಿಸುತ್ತಿದ್ದೆವು. ಮಕ್ಕಳು ತಟ್ಟೆ ಹಿಡಿದು ಸಾಲು ನಿಲ್ಲೋರು. ಹಿಂದಿನವನು ಒಂದು ತಳ್ಳಿದರೆ ಮುಂದಿನ ಮಗು ಎಲ್ಲಿಗೆ ಬೀಳುತ್ತದೆ ಹೇಳಿ. 2023ರಲ್ಲಿ ಕಲಬುರಗಿ ಜಿಲ್ಲೆಯಲ್ಲಿ ಎರಡನೇ ಕ್ಲಾಸಿನ ಹುಡುಗಿ ಬಿಸಿ ಸಾಂಬಾರಿನ ಪಾತ್ರೆಗೆ ಬಿದ್ದು ಜೀವ ಹೋಯಿತು. ಆ ಸುದ್ದಿ ಕೇಳಿದ ದಿನ ನನ್ನ ಕೈ ನಡುಗಿ ಸೌಟು ಹಿಡಿಯೋಕೆ ಆಗಲಿಲ್ಲ.

ಮಾರನೇ ದಿನದಿಂದಲೇ ನಾವು ಬದಲಾಯಿಸಿದೆವು. ದೊಡ್ಡ ಪಾತ್ರೆ ಅಡುಗೆಮನೆ ಹೊಸ್ತಿಲು ದಾಟಲ್ಲ. ಮಕ್ಕಳು ಸಾಲಾಗಿ ಕೂತುಕೊಳ್ಳುತ್ತಾರೆ, ಎದ್ದು ಬರುವ ಹಾಗಿಲ್ಲ. ನಾವೇ ಹಿಡಿ ಇರುವ ಸಣ್ಣ ಬಕೆಟ್ಟಿನಲ್ಲಿ ಅರ್ಧ ಅರ್ಧ ತುಂಬಿಕೊಂಡು ಹೋಗಿ ಬಡಿಸುತ್ತೇವೆ. ನಾಲ್ಕು ಸಲ ಓಡಾಡಬೇಕು, ಸೊಂಟ ನೋಯುತ್ತದೆ. ಆದರೆ ಮನಸ್ಸಿಗೆ ನೆಮ್ಮದಿ. ಏಳನೇ ಕ್ಲಾಸಿನ ದೊಡ್ಡ ಹುಡುಗರ ಕೈಲಿ ಪಾತ್ರೆ ಎತ್ತಿಸೋದೂ ನಿಲ್ಲಿಸಿದೆವು.

ಸುಟ್ಟರೆ ನಲ್ಲಿ ಕೆಳಗೆ ಇಪ್ಪತ್ತು ನಿಮಿಷ ನೀರು ಬಿಡಬೇಕು ಅಂತ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಟೂತ್‌ಪೇಸ್ಟು, ಇಂಕು, ಅರಿಶಿನ ಏನೂ ಹಚ್ಚಬಾರದು. ಗುಳ್ಳೆ ಒಡೆಯಬಾರದು.

ಎಣ್ಣೆ, ಬೇಳೆ ಡಬ್ಬಿಗಳ ಪಕ್ಕ ಫಿನಾಯಿಲ್ ಇದ್ದರೆ ಅವತ್ತೇ ತೆಗೆಸಿ. ಪಾತ್ರೆಗೆ ಮುಚ್ಚಳ ಇದೆಯಾ ನೋಡಿ, ಹಲ್ಲಿ ಬೀಳೋದು ತೆರೆದ ಪಾತ್ರೆಗೇ. ಮತ್ತೆ ಅಡುಗೆಯವರನ್ನು ಕೂರಿಸಿ ಒಂದು ಲೋಟ ನೀರು ಕೊಟ್ಟು ಮಾತಾಡಿಸಿ ತಾಯಿ. ಯಾವ ಮಗು ಎರಡು ದಿನದಿಂದ ಅನ್ನ ಬಿಡುತ್ತಿದೆ ಅಂತ ಮೇಷ್ಟ್ರಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಆದರೆ ನಮ್ಮನ್ನು ಯಾರೂ ಕೇಳಲ್ಲ.

ಎರಡನೇ ಕ್ಲಾಸಿನ ಅಮ್ಮ · ಜುಲೈ 6, ರಾತ್ರಿ 8.40

ಅಕ್ಕ, ನಿಮ್ಮ ಬರಹ ಎರಡು ಸಲ ಓದಿದೆ. ನಮ್ಮ ಶಾಲೆಯಲ್ಲೂ ಪಾತ್ರೆ ಜಗುಲಿಯಲ್ಲೇ. ನಾನೇ ಎಷ್ಟೋ ಸಲ ಹಾದುಹೋಗುವಾಗ ನೋಡಿದ್ದೇನೆ, ಒಂದು ದಿನವೂ ಅನ್ನಿಸಿರಲಿಲ್ಲ. ಸಿಸ್ಟರ್, ಮಗಳಿಗೆ ಈಗ ಜ್ವರ ಇಲ್ಲ. ಮಾತ್ರೆ ಇನ್ನೂ ಮೂರು ದಿನ ಇದೆ, ಪೂರ್ತಿ ಕೊಡುತ್ತೇನೆ.

ದಾವಣಗೆರೆ ಅಪ್ಪ · ಜುಲೈ 8, ಬೆಳಿಗ್ಗೆ 6.50

ವಿಷಯ ಬಂದಿದ್ದರಿಂದ ನಾನೂ ಕೇಳಿಬಿಡುತ್ತೇನೆ. ಶಾಲೆಯಲ್ಲಿ ಜಂತುಹುಳು ಮಾತ್ರೆ ಕೊಡುತ್ತಾರಲ್ಲ, ಅದು ಸರಿಯಾ? ಹೋದ ಫೆಬ್ರವರಿಯಲ್ಲಿ ನನ್ನ ಮಗನಿಗೆ ಕೊಟ್ಟ ದಿನವೇ ಹೊಟ್ಟೆನೋವು, ಎರಡು ಸಲ ವಾಂತಿ. ರಾತ್ರಿಯೆಲ್ಲ ನಾವು ಕಣ್ಣು ಮುಚ್ಚಲಿಲ್ಲ. ಈ ಸಲ ಕೊಡಬೇಡಿ ಅಂತ ಚೀಟಿ ಬರೆದು ಕಳಿಸೋಣ ಅಂತಿದ್ದೇನೆ. ಮನೆಯಲ್ಲಿ ಎಲ್ಲ ಶುಚಿಯಾಗಿಯೇ ಇದ್ದೇವೆ.

ಪಿಎಚ್‌ಸಿ ಸಿಸ್ಟರ್ · ಜುಲೈ 8, ಮಧ್ಯಾಹ್ನ 1.30

ಸರ್, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಆ ರಾತ್ರಿ ನೀವು ಪಟ್ಟ ಪಾಡು ಸುಳ್ಳಲ್ಲ. ಆದರೂ ಚೀಟಿ ಬರೆಯುವ ಮುಂಚೆ ಇದನ್ನು ಓದಿ.

ಮಾತ್ರೆ ಅಲ್ಬೆಂಡಜೋಲ್, 400 ಮಿಲಿಗ್ರಾಂ. ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ಅಂತ 2015ರಿಂದ ದೇಶದಲ್ಲಿ ಮಾಡುತ್ತಿದ್ದಾರೆ, ಫೆಬ್ರವರಿ ಮತ್ತು ಆಗಸ್ಟ್ ತಿಂಗಳಲ್ಲಿ. ಹೊಟ್ಟೆಯಲ್ಲಿ ಹುಳು ಜಾಸ್ತಿ ಇರುವ ಮಕ್ಕಳಿಗೆ ಅವು ಸಾಯುವಾಗ ಹೊಟ್ಟೆನೋವು, ವಾಕರಿಕೆ, ವಾಂತಿ ಆಗಬಹುದು. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಕಡಿಮೆ ಆಗುತ್ತದೆ. ಹಾಗಾಗಿ ವಾಂತಿ ಆಯಿತು ಅಂದ ಮಾತ್ರಕ್ಕೆ ಮಾತ್ರೆ ಕೆಟ್ಟದ್ದು ಅಂತ ಅಲ್ಲ. ಆದರೆ ಇಡೀ ರಾತ್ರಿ ಒದ್ದಾಡಿದ್ದಾನೆ ಅಂದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕಿತ್ತು. ಈ ಸಲ ಮಾತ್ರೆ ದಿನಕ್ಕೆ ಮೊದಲೇ ಆಶಾ ಅಕ್ಕನಿಗೆ ಹೇಳಿ, ಮಗನನ್ನು ಪಿಎಚ್‌ಸಿಗೆ ಕರೆತಂದು ಡಾಕ್ಟರ್ ಹತ್ತಿರ ಕೇಳಿಯೇ ತೀರ್ಮಾನ ಮಾಡಿ. ಜ್ವರ, ಭೇದಿ ಇರುವ ದಿನ ಕೊಡುವುದೇ ಇಲ್ಲ. ಅವತ್ತು ತಪ್ಪಿದ ಮಕ್ಕಳಿಗೆ ಆಮೇಲೆ ಇನ್ನೊಂದು ದಿನ ಇಟ್ಟಿರುತ್ತಾರೆ. ಚೆನ್ನಾಗಿ ಅಗಿದು ತಿನ್ನಬೇಕು, ನೀರಿನ ಜೊತೆ ನುಂಗೋದಲ್ಲ.

ಮನೆ ಶುಚಿ ಇದ್ದರೆ ಒಳ್ಳೆಯದೇ. ಆದರೆ ಮಗು ಬರಿಗಾಲಲ್ಲಿ ಆಡುವ ಮೈದಾನ ಮನೆಯದಲ್ಲ, ಅಲ್ವಾ? ಕೊಕ್ಕೆಹುಳು ಅಂಗಾಲಿನ ಚರ್ಮದಿಂದಲೇ ಒಳಗೆ ಹೋಗುತ್ತದೆ. ರಕ್ತ ಹೀರಿ ರಕ್ತಹೀನತೆ ತರುತ್ತದೆ. ಕ್ಲಾಸಿನಲ್ಲಿ ತೂಕಡಿಸುವ ಮಗು ಸೋಮಾರಿ ಅಲ್ಲ, ಎಷ್ಟೋ ಸಲ ಅದಕ್ಕೆ ರಕ್ತ ಕಡಿಮೆ ಇರುತ್ತದೆ.

ಇದರ ಜೊತೆ ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ ಬರುತ್ತದೆ. ಐದರಿಂದ ಒಂಬತ್ತು ವರ್ಷದವರಿಗೆ ಗುಲಾಬಿ ಬಣ್ಣ, ಹತ್ತು ದಾಟಿದವರಿಗೆ ನೀಲಿ. ಖಾಲಿ ಹೊಟ್ಟೆಯಲ್ಲಿ ಕೊಟ್ಟರೆ ವಾಕರಿಕೆ ಆಗಬಹುದು. ಊಟ ಆದ ಮೇಲೆಯೇ ಕೊಡಬೇಕು. ಬೆಳಿಗ್ಗೆ ಕ್ಷೀರಭಾಗ್ಯದ ಹಾಲಿನ ಜೊತೆ ಕೊಟ್ಟರೆ ಕಬ್ಬಿಣ ಮೈಗೆ ಹತ್ತಲ್ಲ. ಮಲ ಕಪ್ಪಗೆ ಹೋದರೆ ಹೆದರಬೇಡಿ. ಐದು ವರ್ಷದ ಡಿಪಿಟಿ ಬೂಸ್ಟರ್ (ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಲಸಿಕೆ), ಹತ್ತು ವರ್ಷದ ಟಿಡಿ ಇಂಜೆಕ್ಷನ್ (ಧನುರ್ವಾಯು, ಗಂಟಲಮಾರಿಗೆ) ಆಗಿದೆಯಾ ಅಂತ ತಾಯಿ ಕಾರ್ಡ್ ತೆಗೆದು ನೋಡಿ. ಒಂದೂವರೆ ವರ್ಷದ ನಂತರ ಆ ಕಾರ್ಡನ್ನು ಯಾರೂ ತೆಗೆಯೋದೇ ಇಲ್ಲ.

ದಾವಣಗೆರೆ ಅಪ್ಪ · ಜುಲೈ 8, ರಾತ್ರಿ 9.15

ಸಿಸ್ಟರ್, ಅವನು ಅವತ್ತು ಬೆಳಿಗ್ಗೆ ಏನೂ ತಿಂದಿರಲಿಲ್ಲ, ಹಿಂದಿನ ದಿನದಿಂದ ಸ್ವಲ್ಪ ಭೇದಿಯೂ ಇತ್ತು. ಅದನ್ನು ನಾವು ಶಾಲೆಗೆ ಹೇಳಿರಲಿಲ್ಲ. ಈಗ ಹೆಂಡತಿ ನೆನಪಿಸಿದಳು. ಆಗಸ್ಟಿಗೆ ಮುಂಚೆ ಕರೆದುಕೊಂಡು ಬಂದು ತೋರಿಸುತ್ತೇನೆ. ಚೀಟಿ ಬರೆಯಲ್ಲ.

ಮಲೆನಾಡಿನವಳು · ಜುಲೈ 11, ಸಂಜೆ 5.20

ನಾವು ತೀರ್ಥಹಳ್ಳಿ ಕಡೆಯವರು. ಇಲ್ಲಿ ಮಳೆ ಹಿಡಿದಿದೆ. ನಮಗೆ ಮೊದಲ ಭಯ ಹಾವು. 2019ರ ನವೆಂಬರ್‌ನಲ್ಲಿ ಕೇರಳದ ವಯನಾಡಿನ ಸುಲ್ತಾನ್ ಬತ್ತೇರಿಯಲ್ಲಿ ಐದನೇ ಕ್ಲಾಸಿನ ಹುಡುಗಿಗೆ ತರಗತಿಯೊಳಗೇ ಹಾವು ಕಚ್ಚಿತು. ಗೋಡೆ ಬುಡದಲ್ಲಿ ಒಂದು ಬಿಲ ಇತ್ತು. ಆಸ್ಪತ್ರೆಗೆ ಕರೆದೊಯ್ಯೋದು ತಡವಾಗಿ ಮಗು ಉಳಿಯಲಿಲ್ಲ. ಬತ್ತೇರಿ ನಮ್ಮ ಗುಂಡ್ಲುಪೇಟೆಯಿಂದ ಕಾಡು ದಾಟಿದರೆ ಸಿಗುವ ಊರು. ಅದನ್ನು ಓದಿದ ಮೇಲೆ ನಮ್ಮೂರಿನ ತಾಯಂದಿರು ಒಂದು ಭಾನುವಾರ ಟಾರ್ಚ್ ಹಿಡಿದು ಶಾಲೆ ಪೂರ್ತಿ ನೋಡಿದೆವು. ಬೆಂಚಿನ ಕೆಳಗೆ, ಬಾಗಿಲ ಸಂದಿ, ಮೂಲೆಯಲ್ಲಿ ಒಡೆದ ರೆಡ್ ಆಕ್ಸೈಡ್ ನೆಲ. ಒಟ್ಟು ಒಂಬತ್ತು ತೂತು. ಒಂದೂವರೆ ಚೀಲ ಸಿಮೆಂಟಿನಲ್ಲಿ ಎಲ್ಲ ಮುಚ್ಚಿಸಿದೆವು.

ಅಕ್ಕಿ ಮೂಟೆ ಇಟ್ಟ ಕೋಣೆಗೆ ಇಲಿ ಬರುತ್ತದೆ, ಇಲಿ ಹಿಂದೆ ಹಾವು ಬರುತ್ತದೆ. ಸೌದೆ ರಾಶಿ ಗೋಡೆಗೆ ತಾಗಿಸಬೇಡಿ. ಹೊರಗೆ ಬಿಟ್ಟ ಚಪ್ಪಲಿ, ಶೂ ಕೊಡವಿ ಹಾಕಿಕೊಳ್ಳೋದು ಮಕ್ಕಳಿಗೆ ಅಭ್ಯಾಸ ಆಗಲಿ.

ಕಚ್ಚಿದರೆ ಬ್ಲೇಡಿನಲ್ಲಿ ಕುಯ್ಯೋದು, ಬಾಯಲ್ಲಿ ಹೀರೋದು, ಹಗ್ಗದಿಂದ ಬಿಗಿಯೋದು ಏನೂ ಮಾಡಬಾರದು. ನಾಟಿ ಔಷಧಿಯವರ ಮನೆಗೆ ಹೋಗಿ ಹೊತ್ತು ಕಳೆಯಬಾರದು. ಹೀಗೆ ಹೇಳಿದರೆ ನಮ್ಮ ಕಡೆ ಹಿರಿಯರಿಗೆ ಬೇಜಾರಾಗುತ್ತದೆ, ಗೊತ್ತು. ಆದರೂ ಹೇಳುತ್ತೇನೆ. ಮಗುವನ್ನು ನಡೆಸದೆ, ಕಚ್ಚಿದ ಕಾಲು ಅಲುಗಾಡದ ಹಾಗೆ ಕೋಲಿನ ಆಧಾರ ಕೊಟ್ಟು, ಬಿಗಿಯದೆ ಬಟ್ಟೆ ಸುತ್ತಿ, ನೇರ ವಿಷನಿರೋಧಕ ಇಂಜೆಕ್ಷನ್ ಇರುವ ಆಸ್ಪತ್ರೆಗೆ. ಕಟ್ಟುಹಾವು ಕಚ್ಚಿದರೆ ಗಾಯವೇ ಸರಿಯಾಗಿ ಕಾಣಲ್ಲ, ನೋವೂ ಇರಲ್ಲ. ಹೊಟ್ಟೆನೋವು ಅಂತ ಮಗು ಅಳುತ್ತದೆ, ರೆಪ್ಪೆ ಜೋತು ಬೀಳುತ್ತದೆ. ಯಾವ ಆಸ್ಪತ್ರೆಯಲ್ಲಿ ಇಂಜೆಕ್ಷನ್ ಇದೆ, ಯಾರ ಗಾಡಿಯಲ್ಲಿ ಹೋಗೋದು, ಇವೆರಡನ್ನು ಇವತ್ತೇ ಗೋಡೆ ಮೇಲೆ ಬರೆದಿಡಿ. 2024ರಿಂದ ನಮ್ಮ ರಾಜ್ಯದಲ್ಲಿ ಹಾವು ಕಡಿತದ ಪ್ರತಿ ಪ್ರಕರಣವನ್ನೂ ಆಸ್ಪತ್ರೆಯವರು ವರದಿ ಮಾಡಲೇಬೇಕು.

ಹಳ್ಳಿ ಮೇಷ್ಟ್ರು · ಜುಲೈ 16, ರಾತ್ರಿ 9.05

ಇವತ್ತು ಜುಲೈ 16. ಈ ದಿನ ಬಂದರೆ ನನಗೆ ಊಟ ಸೇರಲ್ಲ. 2004ರಲ್ಲಿ ಇದೇ ದಿನ ತಮಿಳುನಾಡಿನ ಕುಂಭಕೋಣಂ ಶಾಲೆಯಲ್ಲಿ ಅಡುಗೆಮನೆಯಿಂದ ಹತ್ತಿದ ಬೆಂಕಿ ಗರಿ ಚಾವಣಿಗೆ ಏರಿ 94 ಮಕ್ಕಳು ಹೋದರು. 2013ರಲ್ಲಿ ಇದೇ ದಿನ ಬಿಹಾರದ ಛಪ್ರಾ ಹತ್ತಿರ ಬಿಸಿಯೂಟ ಉಂಡ 23 ಮಕ್ಕಳು ಹೋದರು. ಅಡುಗೆ ಎಣ್ಣೆಗೆ ಕೀಟನಾಶಕ ಸೇರಿತ್ತು. ಹಾವೇರಿ ಅಕ್ಕ ಎಣ್ಣೆ ಡಬ್ಬಿ ಪಕ್ಕ ಫಿನಾಯಿಲ್ ಬೇಡ ಅಂತ ಬರೆದಿದ್ದರಲ್ಲ, ಅದು ಸಣ್ಣ ಮಾತಲ್ಲ.

ಮಕ್ಕಳಿಗೆ ಬಡಿಸುವ ಮುಂಚೆ ಮೇಷ್ಟ್ರು ಉಂಡು ನೋಡಬೇಕು, ರಿಜಿಸ್ಟರಿನಲ್ಲಿ ಬರೆಯಬೇಕು. ಬಹಳ ಕಡೆ ತಿಂಗಳ ಕೊನೆಗೆ ಒಟ್ಟಿಗೇ ಸಹಿ ಹಾಕುತ್ತಾರೆ. ಅಮ್ಮಾ, ನೀವು ಹೋದಾಗ ಆ ಪುಸ್ತಕ ತೆಗೆಸಿ ಇವತ್ತಿನ ಸಾಲು ಇದೆಯಾ ನೋಡಿ. ನಾವು ಒಂದು ರೂಢಿ ಮಾಡಿಕೊಂಡಿದ್ದೇವೆ, ದಿನಕ್ಕೊಬ್ಬ ತಾಯಿ ಬಂದು ನಮ್ಮ ಜೊತೆ ಮೊದಲ ತುತ್ತು ಉಣ್ಣುತ್ತಾರೆ. ನಮ್ಮ ಶಾಲೆಯಲ್ಲಿ ಸಿಲಿಂಡರ್ ಈಗ ಗೋಡೆಯ ಆಚೆ ಇದೆ, ಒಳಗೆ ಪೈಪು ಮಾತ್ರ. ಆ ಪೈಪಿನ ಮೇಲೂ ತಾರೀಖು ಇರುತ್ತದೆ, ನೋಡಿ.

ಚಾವಣಿ ಬಗ್ಗೆಯೂ ಒಂದು ಮಾತು. 2025ರ ಜುಲೈನಲ್ಲಿ ರಾಜಸ್ಥಾನದ ಝಾಲಾವಾಡ್ ಜಿಲ್ಲೆಯಲ್ಲಿ ಶಾಲೆ ಕಟ್ಟಡ ಕುಸಿದು ಏಳು ಮಕ್ಕಳು ಸತ್ತರು. ಮೇಲಿಂದ ಗಾರೆ ಉದುರಿದರೆ ಆ ಕೋಣೆಗೆ ಬೀಗ ಹಾಕಿ, ಮಕ್ಕಳನ್ನು ಜಗುಲಿಯಲ್ಲಿ ಕೂರಿಸಿ ಪಾಠ ಮಾಡಿ. ಬೀಗ ಹಾಕಬೇಕಾದ ಜಾಗ ಅದು, ಶೌಚಾಲಯ ಅಲ್ಲ.

ನಿವೃತ್ತ ಹೆಡ್‌ಮಿಸ್ · ಜುಲೈ 17, ಬೆಳಿಗ್ಗೆ 10.00

ಎಲ್ಲವನ್ನೂ ಓದಿದೆ. ಹಾವು, ಸಾಂಬಾರು, ಚಾವಣಿ ಎಲ್ಲ ಕಣ್ಣಿಗೆ ಕಾಣುತ್ತವೆ. ಆ ಮಗು "ಹೋಗಲ್ಲ" ಅಂದಿದ್ದು ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಡಾಕ್ಟರ್ ಕೇಳುವವರೆಗೆ ಅದು ಯಾರಿಗೂ ಹೇಳಿರಲಿಲ್ಲ. ಶೌಚಾಲಯದ ಬೀಗದ ಬಗ್ಗೆಯೇ ಹೇಳಲಾರದ ಮಗು, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದರೆ ಹೇಳುತ್ತದೆಯಾ?

ಮೂವತ್ತೊಂದು ವರ್ಷ ಮಕ್ಕಳ ನಡುವೆ ಇದ್ದೆ. ಮಗು ಬಾಯಿಬಿಟ್ಟು ಹೇಳೋದಕ್ಕಿಂತ ಬೇರೆ ದಾರಿಯಲ್ಲಿ ಹೇಳೋದೇ ಜಾಸ್ತಿ. ಇದ್ದಕ್ಕಿದ್ದಂತೆ ಒಬ್ಬರ ಆಟೋ ಬೇಡ ಅನ್ನುತ್ತದೆ. ಒಂದು ಕ್ಲಾಸಿನ ದಿನ ಮಾತ್ರ ಹೊಟ್ಟೆನೋವು ಅನ್ನುತ್ತದೆ. ಆಗ "ನಾಟಕ ಮಾಡಬೇಡ" ಅಂದುಬಿಟ್ಟರೆ ಬಾಗಿಲು ಮುಚ್ಚಿತು. ಮಗು ಹೇಳಿದರೆ ಮೊದಲು ನಂಬಿ. ಅದರ ಮುಂದೆ ಕೂಗಾಡಬೇಡಿ, ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೊ ಕಾಯ್ದೆಯಲ್ಲಿ ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು. ಶಾಲೆ ಹೆಸರು ಹಾಳಾಗುತ್ತದೆ ಅಂತ ಮುಚ್ಚಿಟ್ಟ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಇದೆ. ಹೊಡೆಯೋದು, ಹೀಯಾಳಿಸೋದೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮಿನಲ್ಲಿ ನಿಷಿದ್ಧ. ಒಂದಕ್ಕೆ ಕೇಳಿದ ಮಗುವನ್ನು ಕ್ಲಾಸಿನ ಮುಂದೆ ನಗೆಪಾಟಲು ಮಾಡಿದರೆ ಅದೂ ಹೀಯಾಳಿಸೋದೇ.

ಆಟೋ ಓಡಿಸೋ ಅಣ್ಣ · ಜುಲೈ 17, ರಾತ್ರಿ 10.20

ಮೈಸೂರಿನಲ್ಲಿ ಹದಿನಾಲ್ಕು ವರ್ಷದಿಂದ ಸ್ಕೂಲ್ ಮಕ್ಕಳನ್ನು ಕರೆದುಕೊಂಡು ಹೋಗುತ್ತೇನೆ. ಮೇಡಂ ಹೇಳಿದ್ದು ಸರಿ. ಮಗು ನನ್ನ ಆಟೋ ಬೇಡ ಅಂದರೆ ನನ್ನನ್ನೂ ವಿಚಾರಿಸಿ, ನಾನು ಬೇಜಾರು ಮಾಡಿಕೊಳ್ಳಲ್ಲ. ಪೋಷಕರಿಗೆ ಒಂದೇ ವಿನಂತಿ. ಕಡಿಮೆ ದುಡ್ಡಿಗೆ ಬರುವ ಆಟೋ ಅಂತ ಹುಡುಕಿದರೆ ಹದಿಮೂರು ಮಕ್ಕಳನ್ನು ತುಂಬುವವನೇ ಸಿಗುತ್ತಾನೆ. ಮಗುವನ್ನು ಯಾವಾಗಲೂ ಎಡಗಡೆಯಿಂದಲೇ ಇಳಿಸಿ. ಇಳಿದ ಮಗು ಆಟೋ ಹಿಂದೆ ಓಡುತ್ತದೆ, ರಿವರ್ಸ್ ತೆಗೆಯುವಾಗ ಕಾಣಲ್ಲ. ನಾನು ಎಣಿಸಿ ಹತ್ತಿಸುತ್ತೇನೆ, ಎಣಿಸಿ ಇಳಿಸುತ್ತೇನೆ, ಮನೆಯವರ ಕೈಗೇ ಕೊಡುತ್ತೇನೆ. ಬ್ಯಾಗು ಹೊರಗೆ ನೇತು ಹಾಕುವಷ್ಟು ಭಾರ ಯಾಕೆ ಅಂತಲೂ ಕೇಳಿ. ಒಂದು ಎರಡನೇ ಕ್ಲಾಸಿಗೆ ಎರಡು ಕೆಜಿ ದಾಟಬಾರದು ಅಂತ 2019ರಲ್ಲೇ ಆದೇಶ ಆಗಿದೆ. ನಾನು ಎತ್ತುವ ಬ್ಯಾಗುಗಳು ಅದರ ಎರಡರಷ್ಟಿರುತ್ತವೆ.

ಎರಡನೇ ಕ್ಲಾಸಿನ ಅಮ್ಮ · ಆಗಸ್ಟ್ 3, ರಾತ್ರಿ 9.30

ತಡವಾಯಿತು, ಕ್ಷಮಿಸಿ. ಕಳೆ ಕೀಳುವ ಕೆಲಸ ಇತ್ತು. ಆಗಿದ್ದೆಲ್ಲ ಹೇಳುತ್ತೇನೆ.

ಮೇಷ್ಟ್ರು ಹೇಳಿದ ಹಾಗೇ ಬಾಟಲಿ ತೆಗೆದುಕೊಂಡು ಹೋದೆ. ಮೇಜಿನ ಮೇಲೆ ಇಟ್ಟೆ. ಮಾತು ಶುರು ಮಾಡುವಾಗ ಗಂಟಲು ಕಟ್ಟಿತು, ಆದರೂ ಹೇಳಿದೆ. ಮುಗಿಸಿದ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಇನ್ನೊಬ್ಬ ತಾಯಿ, "ನಮ್ಮವಳೂ ಮನೆಗೆ ಬಂದ ತಕ್ಷಣ ಬ್ಯಾಗು ಎಸೆದು ಬಚ್ಚಲಿಗೇ ಓಡುತ್ತಾಳೆ" ಅಂದರು. ಮತ್ತೊಬ್ಬರೂ ಹಾಗೇ ಅಂದರು. ಹೆಡ್‌ಮಾಸ್ಟರ್ ಬಾಟಲಿ ಕೈಗೆ ತೆಗೆದುಕೊಂಡು ನೋಡಿದರು. "ನನಗೆ ಯಾರೂ ಹೇಳಲೇ ಇಲ್ಲವಲ್ಲಮ್ಮ" ಅಂದರು. ಅವರಿಗೂ ಬೇಜಾರಾಗಿತ್ತು. ಸೋಮವಾರದಿಂದ ಬೀಗ ಇಲ್ಲ. ಬೆಳಿಗ್ಗೆ ಅಡುಗೆ ಅಕ್ಕ ತೆಗೆಯುತ್ತಾರೆ. ನೀರಿನ ಗಂಟೆ ದಿನಕ್ಕೆ ಮೂರು ಸಲ.

ಸಾಂಬಾರ್ ಪಾತ್ರೆ ಈಗ ಒಳಗೆ. ಬಕೆಟ್ಟು ಎರಡು ನಾವೇ ತಾಯಂದಿರು ಸೇರಿ ತಂದುಕೊಟ್ಟೆವು. ಕಾಲುಚೀಲದ ಸೋಪು ಮಕ್ಕಳಿಗೆ ಆಟದ ಸಾಮಾನಾಗಿದೆ, ಒಂದು ವಾರದಲ್ಲಿ ಮೂರು ಚೀಲ ಹರಿದಿದೆ. ಪರವಾಗಿಲ್ಲ, ಕೈ ತೊಳೆಯುತ್ತಿದ್ದಾರೆ. ನೀರಿನ ಪರೀಕ್ಷೆಗೆ ಪಿಡಿಒ ಹತ್ತಿರ ಅರ್ಜಿ ಕೊಟ್ಟಿದ್ದೇವೆ, ಇನ್ನೂ ಬಂದಿಲ್ಲ. ಮತ್ತೆ ಹೋಗುತ್ತೇನೆ.

ಮಗಳ ಬಾಟಲಿ ನಿನ್ನೆ ಖಾಲಿ ಬಂತು. ತಳದಲ್ಲಿ ಎರಡು ಹನಿ ಇತ್ತು. ಆದರೆ ಇವತ್ತು ಮತ್ತೆ ಅರ್ಧ ಉಳಿದಿತ್ತು. ಕೇಳಿದರೆ, ಶೌಚಾಲಯದ ಒಳಗಿನ ಚಿಲಕ ಮೇಲಿದೆ, ಕೈ ಎಟುಕಲ್ಲ, ಬಾಗಿಲು ಹಿಡಿದುಕೊಳ್ಳೋಕೆ ಗೆಳತಿ ಬಂದರೆ ಮಾತ್ರ ಹೋಗುತ್ತಾಳಂತೆ. ಇವತ್ತು ಗೆಳತಿ ರಜೆ.

ಹಳ್ಳಿ ಮೇಷ್ಟ್ರು · ಆಗಸ್ಟ್ 3, ರಾತ್ರಿ 9.55

ಅಮ್ಮಾ, ನಾಳೆ ಶಾಲೆಯ ಎಲ್ಲರಿಗಿಂತ ಗಿಡ್ಡ ಮಗುವನ್ನು ಬಾಗಿಲ ಹತ್ತಿರ ನಿಲ್ಲಿಸಿ ಅದರ ಎದೆ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಅಲ್ಲಿಗೇ ಇನ್ನೊಂದು ಸಣ್ಣ ಚಿಲಕ ಹಾಕಿಸಿ. ತುಕ್ಕು ಹಿಡಿದು ಬಿಗಿಯಾಗದ, ಬೆರಳು ಸಿಕ್ಕಿಕೊಳ್ಳದಂಥದ್ದು ನೋಡಿ ತನ್ನಿ. ಹೊರಗಡೆಯ ಚಿಲಕ ಶಾಲೆ ನಡೆಯುವಾಗ ಬೀಳದ ಹಾಗೆ ತಂತಿಯಲ್ಲಿ ಕಟ್ಟಿಬಿಡಿ, ತುಂಟರು ಹೊರಗಿಂದ ಹಾಕಿ ಓಡಿಹೋಗುತ್ತಾರೆ. ನಮ್ಮ ಶಾಲೆಯದರ ಫೋಟೋ ಬೆಳಿಗ್ಗೆ ಹಾಕುತ್ತೇನೆ.